ಮೊಬೈಲಿಗೆ ಬಂದ ಮುಯ್ಯಿ

ಸಂಜೆ ಏಳರ ಸುಮಾರಿಗೆ ಯಾದಗಿರಿಯ ಯಾವುದಾದರೊಂದು ಓಣಿಯ ಕಟ್ಟೆಯ ಮೇಲೆ ಕೂತವರ ಮೊಬೈಲುಗಳು ಒಂದರ ಹಿಂದೊಂದು ಟಿಣ್ ಎನ್ನುತ್ತವೆ. ‘ಅರ್ಜೆಂಟ್! ಬಿ ನೆಗೆಟಿವ್ ರಕ್ತ ಬೇಕಾಗಿದೆ. ಚಿಕ್ಕ ಮಗು. ದಯವಿಟ್ಟು ಎಲ್ಲ ಗ್ರೂಪುಗಳಿಗೂ ಕಳಿಸಿ.’ ಕೆಳಗೊಂದು ಫೋನ್ ನಂಬರು. ಓದಿದವರ ಕರುಳು ಚುರ್ ಎನ್ನುತ್ತದೆ. ಹೆಬ್ಬೆರಳು ತಾನಾಗಿಯೇ ಬಾಣದ ಗುರುತನ್ನು ಒತ್ತುತ್ತದೆ. ಅಂಗಡಿಯವರ ಗ್ರೂಪಿನಿಂದ ಬಳಗದ ಗ್ರೂಪಿಗೆ, ಬಳಗದಿಂದ ಎಸ್ಸೆಸ್ಸೆಲ್ಸಿ ಗೆಳೆಯರ ಗ್ರೂಪಿಗೆ, ಅಲ್ಲಿಂದ ಶಹಾಪುರಕ್ಕೆ, ಸುರಪುರಕ್ಕೆ. ಐದು ನಿಮಿಷದಲ್ಲಿ ಮೂರು ಊರು ಮುಟ್ಟಿದ ಆ ಸಂದೇಶದಲ್ಲಿ ಆಸ್ಪತ್ರೆಯ ಹೆಸರಿರುವುದಿಲ್ಲ, ತಾರೀಖೂ ಇರುವುದಿಲ್ಲ.

ಕಟ್ಟೆಯ ಮೇಲಿನ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ‘ಇದು ಯಾವಾಗಿಂದೋ ತಮ್ಮಾ?’ ಎಂದು ಕೇಳಿದರೆ ಉತ್ತರ ಯಾರಲ್ಲಿಯೂ ಇಲ್ಲ. ಆ ಮಗು ಇಂದು ಬೆಳಿಗ್ಗೆ ಆಸ್ಪತ್ರೆ ಸೇರಿರಬಹುದು. ನಾಲ್ಕು ವರ್ಷದ ಹಿಂದೆಯೇ ಗುಣವಾಗಿ ಈಗ ಅಂಗಳದಲ್ಲಿ ಲಗೋರಿ ಆಡುತ್ತಿರಲೂಬಹುದು. ಇಂಥ ಸಂದೇಶಗಳಿಗೆ ಸಾವಿಲ್ಲ. ಅದು ಕೇಳುತ್ತಿರುವ ರಕ್ತಕ್ಕೆ ಮಾತ್ರ ಆಯುಷ್ಯ ಬಹಳ ಕಡಿಮೆ. ದಾನಿಯಿಂದ ಪಡೆದ ರಕ್ತದ ಕೆಂಪು ಕಣಗಳನ್ನು ತಂಪಿನಲ್ಲಿ 35ರಿಂದ 42 ದಿನ ಕಾದಿಡಬಹುದು. ಡೆಂಗಿ ಜ್ವರದವರಿಗೆ ಕೆಲವೊಮ್ಮೆ ಬೇಕಾಗುವ ಪ್ಲೇಟ್‌ಲೆಟ್‌ಗಳಾದರೆ ಐದೇ ದಿನ. ಅವನ್ನು ಹುಡುಕಿಕೊಂಡು ಹೊರಟ ಮಾತು ಮಾತ್ರ ವರ್ಷಗಟ್ಟಲೆ ಊರೂರು ತಿರುಗುತ್ತಿರುತ್ತದೆ. ಯಾವನೋ ತಂದೆ ನಡುರಾತ್ರಿ ಫೋನೆತ್ತಿ ‘ಬ್ಯಾಡ್ರಿ, ಅದು ಮುಗ್ದು ಭಾಳ ದಿನ ಆತು’ ಎಂದು ಹೇಳಿ ಹೇಳಿ ಸಾಕಾಗಿ ನಂಬರನ್ನೇ ಬದಲಿಸಬೇಕಾಗುತ್ತದೆ.

ಹಾಗೆಂದು ಇದನ್ನೆಲ್ಲ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಒಂದು ಕಾಲಕ್ಕೆ ದೊಡ್ಡ ಊರುಗಳಲ್ಲಿ ಹಣಕ್ಕೆ ರಕ್ತ ಕೊಡುವವರು ಆಸ್ಪತ್ರೆಗಳ ಸುತ್ತ ಇರುತ್ತಿದ್ದರು. ಬಡತನಕ್ಕೆ ಮೇಲಿಂದ ಮೇಲೆ ರಕ್ತ ಮಾರಿ ಅವರ ಮೈಯೂ ಕೆಡುತ್ತಿತ್ತು, ಪಡೆದವರಿಗೂ ರೋಗ ಅಂಟುತ್ತಿತ್ತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಫಲವಾಗಿ 1998ರ ಜನವರಿ 1ರಿಂದ ಆ ವ್ಯಾಪಾರಕ್ಕೆ ತೆರೆ ಬಿತ್ತು. ಅಂದಿನಿಂದ ರಕ್ತ ಬೇಕಾದರೆ ಯಾರಾದರೂ ಮನಸ್ಸು ಮಾಡಿ ಕೊಡಬೇಕು. 18 ತುಂಬಿ 65 ದಾಟದ, 45 ಕಿಲೋ ತೂಗುವ ಆರೋಗ್ಯವಂತರು ಕೊಡಬಹುದು. ಗಂಡಸರು ಒಮ್ಮೆ ಕೊಟ್ಟರೆ ಮತ್ತೆ ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಡಬೇಕು. ಅಂದರೆ ಒಬ್ಬ ದಾನಿಯನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಮಾತು ಹೋಗಲೇಬೇಕು.

ಅದರಲ್ಲೂ ಈ ಮೂರು ಊರುಗಳ ಪರಿಸ್ಥಿತಿ ತುಸು ಬೇರೆ. ಯಾದಗಿರಿಗೆ ಈಗ ವೈದ್ಯಕೀಯ ಕಾಲೇಜೇನೋ ಬಂದಿದೆ. ಆದರೂ ರೋಗ ಬಿಗಡಾಯಿಸಿದರೆ ಜನ ಕಲಬುರಗಿ, ರಾಯಚೂರು, ಸೊಲ್ಲಾಪುರ, ಹೈದರಾಬಾದುಗಳ ಹಾದಿ ಹಿಡಿಯುವುದು ತಪ್ಪಿಲ್ಲ. ಶಹಾಪುರ, ಸುರಪುರಗಳಿಗೆ ರೈಲೂ ಇಲ್ಲ. ಬಸ್ಸೋ ಬಾಡಿಗೆ ಗಾಡಿಯೋ ಹಿಡಿಯಬೇಕು. ಹೀಗೆ ಹೋಗಿ ಪರ ಊರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಚಾಪೆ ಹಾಸಿ ಕೂತ ಸುರಪುರದ ರೈತನಿಗೆ ಆ ಊರಲ್ಲಿ ಯಾರ ಪರಿಚಯವಿದ್ದೀತು? ಆಗ ಅವನ ಊರಿನ ಗ್ರೂಪಿಗೆ ಬಂದ ಒಂದು ಸಾಲು, ಅದೇ ಪಟ್ಟಣದ ಹಾಸ್ಟೆಲಿನಲ್ಲಿ ಓದುತ್ತಿರುವ ತನ್ನೂರ ಹುಡುಗನನ್ನು ಮುಟ್ಟಿದರೆ ಅರ್ಧ ಗಂಟೆಯಲ್ಲಿ ಕೆಲಸವಾಗುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ ‘ಇ-ರಕ್ತಕೋಶ’ ಎಂಬ ಜಾಲತಾಣವೂ ಇದೆ. ಯಾವ ರಕ್ತನಿಧಿಯಲ್ಲಿ ಯಾವ ಗುಂಪಿನ ರಕ್ತ ಎಷ್ಟಿದೆ ಎಂದು ಅದರಲ್ಲಿ ನೋಡಬಹುದು. ಗ್ರೂಪುಗಳನ್ನು ಎಬ್ಬಿಸುವ ಮೊದಲು ಅದನ್ನೊಮ್ಮೆ ತೆರೆದು ನೋಡುವವರು ಕಡಿಮೆ. ನೋಡಿದರೂ ಅಲ್ಲಿಯ ಲೆಕ್ಕ ಲೆಕ್ಕವೇ ಹೊರತು ಕೈಹಿಡಿದು ಕರೆದೊಯ್ಯುವ ಮನುಷ್ಯನಲ್ಲ. ಆ ಮನುಷ್ಯನನ್ನು ಹುಡುಕಲು ಊರವರೇ ಬೇಕು.

ನಮ್ಮ ಕಡೆಯ ಹಳ್ಳಿಗಳಿಗೆ ಈ ವಿದ್ಯೆ ಹೊಸದೇನಲ್ಲ. ಅದರ ಹಳೆಯ ಹೆಸರು ಮುಯ್ಯಿ. ಇವರ ಹೊಲದ ಕೆಲಸಕ್ಕೆ ಅವರು ಕೂಲಿ ಕೇಳದೆ ಬರುವುದು, ಅವರ ಹೊಲಕ್ಕೆ ಇವರು ಹೋಗಿ ಆ ದಿನವನ್ನು ತೀರಿಸುವುದು. ಮದುವೆ ಮನೆಯಲ್ಲಂತೂ ಚಂದವಾಗಿ ಅಕ್ಷರ ಬರೆಯುವವನೊಬ್ಬ ನೋಟುಬುಕ್ಕು ಹಿಡಿದು ಕೂತಿರುತ್ತಾನೆ. ಇಂಥ ಊರಿನ ಇಂಥವರು, ಇಷ್ಟು ರೂಪಾಯಿ, ಒಂದು ಕೊಡ, ಒಂದು ಕುಪ್ಪಸ. ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ಹತ್ತು ವರ್ಷದ ನಂತರ ಆ ಮನೆಯ ಮದುವೆಗೆ ಹೊರಟಾಗ ಹಿರಿಯರು ಟ್ರಂಕಿನಿಂದ ಆ ಪುಸ್ತಕ ತೆಗೆಸಿ ನೋಡುತ್ತಾರೆ. ಪೇಟೆಯ ಕಣ್ಣಿಗೆ ಇದು ಸಾಲದ ಖಾತೆಯಂತೆ ಕಂಡೀತು. ಬಡ್ಡಿಯಿಲ್ಲದ, ವಾಯಿದೆಯಿಲ್ಲದ ಈ ಲೆಕ್ಕದಲ್ಲಿ ಇರುವುದು ಯಾರು ಯಾರಿಗೆ ಬೇಕಾದವರು ಎಂಬ ನೆನಪು, ಅಷ್ಟೇ. ಕೊಟ್ಟವನ ಹೆಸರು, ಪಡೆದವನ ಹೆಸರು, ದಿನ, ಊರು: ಮುಯ್ಯಿಯ ಪುಸ್ತಕದಲ್ಲಿ ಇವು ನಾಲ್ಕೂ ಇರುತ್ತವೆ. ಮೊಬೈಲಿನಲ್ಲಿ ಓಡುವ ಸಂದೇಶದಲ್ಲಿ ಇವು ನಾಲ್ಕೂ ಕಳೆದುಹೋಗಿರುತ್ತವೆ.

ಮುಯ್ಯಿಗೆ ಕೈಕಾಲೂ ಬೇಕು. 2014ರಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ ಆಗಿನ ಸುರಪುರ ತಾಲ್ಲೂಕಿನ ನಡುಗಡ್ಡೆ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬಳು ಆಸ್ಪತ್ರೆ ಸೇರಲೆಂದು ಹೊಳೆಗೆ ಇಳಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ದೇಶ ದಾಟಿಯೂ ಹೋಗಿತ್ತು. ಒಣಗಿದ ಕುಂಬಳ, ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡಿದ್ದಳು. ಮನೆಯ ಗಂಡಸರು ಅವಳ ಜೊತೆಜೊತೆಗೇ ಈಜಿ ದಡ ಮುಟ್ಟಿಸಿದರು. ಅವಳ ಕಥೆಯನ್ನು ಮುಂದಕ್ಕೆ ಕಳಿಸಿದವರು ಲಕ್ಷಾಂತರ ಮಂದಿ. ನೀರಿಗೆ ಇಳಿದವರು ಬೆರಳೆಣಿಕೆಯವರು.

ಹಳ್ಳಿಯಲ್ಲಾದರೆ ಯಾರ ಮನೆಯ ಒಲೆ ಉರಿಯಲಿಲ್ಲ ಎಂಬುದು ಪಕ್ಕದ ಮನೆಗೆ ಗೊತ್ತಾಗುತ್ತದೆ. ಪಟ್ಟಣದ ಮಾತು ಹಾಗಲ್ಲ. 2010ರ ಏಪ್ರಿಲಿನಲ್ಲಿ ಯಾದಗಿರಿ ಹೊಸ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನೌಕರರು ಬಂದರು. ಮಂಡ್ಯದ ಗುಮಾಸ್ತ, ಧಾರವಾಡದ ಶಿಕ್ಷಕಿ, ಬೀದರಿನ ಪೊಲೀಸ್ ಪೇದೆ, ಹಳ್ಳಿಯಿಂದ ಮಕ್ಕಳ ಓದಿಗೆಂದು ಬಂದು ಬಾಡಿಗೆ ಹಿಡಿದ ರೈತ ಕುಟುಂಬ, ಎಲ್ಲರೂ ಹೊಸ ಬಡಾವಣೆಯ ಒಂದೇ ಸಾಲಿನಲ್ಲಿ. ಗೋಡೆಗೆ ಗೋಡೆ ಹತ್ತಿದ್ದರೂ ಹೆಸರು ಗೊತ್ತಿರುವುದಿಲ್ಲ. ಇವರಿಗೆ ಮುಯ್ಯಿಯ ಪುಸ್ತಕ ಇಲ್ಲ. ಬಡಾವಣೆಯ ಗ್ರೂಪೊಂದೇ ಅವರ ಕಟ್ಟೆ. ನೀರು ಯಾವಾಗ ಬಿಡುತ್ತಾರೆ, ಕರೆಂಟು ಎಲ್ಲಿ ಹೋಗಿದೆ, ಹಾವು ಹಿಡಿಯುವವರು ಯಾರಿದ್ದಾರೆ ಎಂದು ಅಲ್ಲಿ ಕೇಳುತ್ತಾರೆ, ಉತ್ತರವೂ ಸಿಗುತ್ತದೆ. ಬೆಳಗಿನ ಶುಭೋದಯದ ಗುಲಾಬಿ ಹೂವುಗಳ ರಾಶಿಯಲ್ಲಿ ಆ ಉತ್ತರ ಹುಡುಕಿ ತೆಗೆಯುವುದಕ್ಕೆ ತಾಳ್ಮೆ ಬೇಕು, ಆ ಮಾತು ಬೇರೆ.

ಇನ್ನೊಂದು ಯಾದಗಿರಿಯೂ ಇದೆ, ಅದು ಯಾದಗಿರಿಯಲ್ಲಿಲ್ಲ. ಗುಳೆ ಹೋದವರ ಯಾದಗಿರಿ ಬೆಂಗಳೂರಿನ ತಗಡಿನ ಶೆಡ್ಡುಗಳಲ್ಲಿದೆ. ಮುಂಬೈ, ಪುಣೆಗಳ ಕಟ್ಟಡಗಳ ಬುಡದಲ್ಲಿದೆ. 2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ಈ ಜನಕ್ಕೆ ಕೆಲಸವೂ ಇಲ್ಲ, ಊರಿಗೆ ಬರಲು ಗಾಡಿಯೂ ಇಲ್ಲ. ಮೇ ಮೊದಲ ವಾರ ಬೆಂಗಳೂರಿನ ಮೆಜೆಸ್ಟಿಕ್ ನಿಲ್ದಾಣದಲ್ಲಿ ಗಂಟುಮೂಟೆ, ಕೂಸುಕಂದಮ್ಮಗಳೊಂದಿಗೆ ಬಸ್ಸಿಗಾಗಿ ಕಾದ ಸಾಲುಗಳನ್ನು ಟೀವಿಯಲ್ಲಿ ಕಂಡವರು ಮರೆತಿರಲಾರರು. ಆ ದಿನಗಳಲ್ಲಿ ದೇಶದ ಬೇರೆ ಬೇರೆ ಊರುಗಳ ಸ್ವಯಂಸೇವಕರು ಕೂಡಿ ‘ಸ್ಟ್ರ್ಯಾಂಡೆಡ್ ವರ್ಕರ್ಸ್ ಆ್ಯಕ್ಷನ್ ನೆಟ್‌ವರ್ಕ್’ ಎಂಬ ಒಂದು ಜಾಲ ಕಟ್ಟಿಕೊಂಡರು. ಇವರಿಗೆ ಕಚೇರಿ ಇರಲಿಲ್ಲ. ತಂತಮ್ಮ ಮನೆಯಲ್ಲಿ ಕೂತು ಫೋನು ಎತ್ತಿಕೊಳ್ಳುವುದಷ್ಟೇ ಕೆಲಸ. ಎಲ್ಲಿದ್ದೀರಿ, ಎಷ್ಟು ಮಂದಿ, ಅಕ್ಕಿ ಹಿಟ್ಟು ಎಷ್ಟು ದಿನಕ್ಕಿದೆ ಎಂದು ಕೇಳಿ ಬರೆದುಕೊಳ್ಳುವುದು. ಹತ್ತಿರದಲ್ಲಿ ಊಟ ಕೊಡುವವರಿದ್ದರೆ ಅವರಿಗೆ ಹೇಳುವುದು, ಇಲ್ಲದಿದ್ದರೆ ಚೂರುಪಾರು ಹಣವನ್ನು ನೇರ ಅವರ ಖಾತೆಗೆ ಹಾಕಿಸುವುದು. 21 ದಿನಗಳ ಲಾಕ್‌ಡೌನ್ ಮುಗಿಯುವ ಹೊತ್ತಿಗೆ ಏಪ್ರಿಲ್ ನಡುವಿನಲ್ಲಿ ಅವರು ಹೊರತಂದ ವರದಿಯಲ್ಲಿ 11,159 ಕಾರ್ಮಿಕರ ಲೆಕ್ಕವಿತ್ತು. ಅವರಲ್ಲಿ ನೂರಕ್ಕೆ 96 ಮಂದಿಗೆ ಸರ್ಕಾರದ ಪಡಿತರ ಮುಟ್ಟಿರಲಿಲ್ಲ.

ಈ ಜಾಲದವರು ಕೈಯಲ್ಲಿ ಹಿಡಿದದ್ದು ಎಲ್ಲರ ಕೈಯಲ್ಲಿರುವ ಫೋನನ್ನೇ. ಆದರೆ ಕರೆ ಮಾಡಿದವನ ಹೆಸರು, ಜಾಗ, ಬಂದ ದಿನ, ಏನು ಮುಟ್ಟಿತು, ಏನು ಮುಟ್ಟಲಿಲ್ಲ ಎಂಬುದನ್ನು ಅವರು ಬರೆದಿಟ್ಟರು. ಟ್ರಂಕಿನಲ್ಲಿಟ್ಟ ಮುಯ್ಯಿಯ ಪುಸ್ತಕದ ಹಾಗೆಯೇ. ಅದರಿಂದಲೇ ಮುಂದೆ ಸರ್ಕಾರದ ಎದುರು ನಿಂತು ಇಷ್ಟು ಜನ ಉಪವಾಸ ಇದ್ದಾರೆ ಎಂದು ಹೇಳುವುದಕ್ಕೂ ಸಾಧ್ಯವಾಯಿತು.

ಬರೆದಿಡದ, ಕೇಳಿ ನೋಡದ ಮಾತು ಏನು ಮಾಡಬಲ್ಲದೆಂದು ತಿಳಿಯಲು ಬಹಳ ದೂರ ಹೋಗಬೇಕಿಲ್ಲ. ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯಲ್ಲಿ, 2018ರ ಜುಲೈ 13ರಂದು, ಹೈದರಾಬಾದಿನಿಂದ ತಿರುಗಾಡಲು ಬಂದ ಗೆಳೆಯರು ದಾರಿಯಲ್ಲಿ ಸಿಕ್ಕ ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಆಗ ರಾಜ್ಯದ ತುಂಬ ವಾಟ್ಸಪ್ಪಿನಲ್ಲಿ ಓಡಾಡುತ್ತಿತ್ತು. ಜನ ಮುತ್ತಿದರು, ಗೆಳೆಯರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮೊದಲು ಅದರ ಚಿತ್ರ ಮುಂದಿನ ಊರು ಮುಟ್ಟಿತ್ತು. ಮುರ್ಕಿ ಗ್ರಾಮದ ಹತ್ತಿರ ರಸ್ತೆಗೆ ಅಡ್ಡ ಹಾಕಿ ಜನ ಕಾದಿದ್ದರು. ಕಾರು ಉರುಳಿತು. ಹೊಡೆತಕ್ಕೆ ಒಬ್ಬ ಯುವಕ ಸತ್ತ. ಸಾಫ್ಟ್‌ವೇರ್ ಎಂಜಿನಿಯರ್ ಅವನು. ಉಳಿದವರನ್ನು ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಆಮೇಲೆ ಬಂಧಿತರಾದವರಲ್ಲಿ ಗ್ರೂಪು ನಡೆಸುತ್ತಿದ್ದವನೂ ಇದ್ದ. ಕಲ್ಲೆತ್ತಿದ ಜನ ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆ ಎಂದೇ ತಿಳಿದಿದ್ದರು ಎಂಬುದು ಈ ಘಟನೆಯಲ್ಲಿ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವ ಸಂಗತಿ. ರಕ್ತ ಬೇಕೆಂಬ ಸಂದೇಶವನ್ನು ಒತ್ತುವ ಹೆಬ್ಬೆರಳೂ ಇದೇ, ಮರುಕವೂ ಇದೇ, ಅವಸರವೂ ಇದೇ.

ಅದೇ ತಿಂಗಳು ವಾಟ್ಸಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ಕಟ್ಟುಹಾಕುವುದಾಗಿ ಹೇಳಿತು. 2020ರ ಏಪ್ರಿಲಿನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವಾದರೆ ಒಂದೇ ಕಡೆಗೆ ಎಂದು ಇನ್ನಷ್ಟು ಬಿಗಿ ಮಾಡಿತು. ಅಂಥ ಸಂದೇಶದ ನೆತ್ತಿಯ ಮೇಲೆ ಈಗ ಜೋಡಿ ಬಾಣದ ಗುರುತು ಇರುತ್ತದೆ. ಅದನ್ನು ಕಂಡರೆ, ಬರೆದವನು ಯಾರೆಂದು ಕಳಿಸಿದವನಿಗೂ ಗೊತ್ತಿಲ್ಲ ಎಂದೇ ತಿಳಿಯಬೇಕು.

ಇಲ್ಲಿ ಮನೆಯ ಮಕ್ಕಳ ಪಾತ್ರ ದೊಡ್ಡದು. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಅಕ್ಷರಸ್ಥರು ನೂರಕ್ಕೆ 51.83. ರಾಜ್ಯದಲ್ಲೇ ಕಡೆಯ ಸ್ಥಾನ. ಹಿಂದೆ ಊರಿಗೆ ಕಾಗದ ಬಂದರೆ ಮಾಸ್ತರು ಓದಿ ಹೇಳಬೇಕಿತ್ತು. ಈಗ ಅವ್ವನ ಫೋನಿಗೆ ಬಂದದ್ದನ್ನು ಎಂಟನೆಯ ಇಯತ್ತೆಯ ಮಗಳು ಓದಿ ಹೇಳುತ್ತಾಳೆ. ಓದುಬರಹ ಬಾರದವರು ಗುಂಡಿ ಒತ್ತಿ ಹಿಡಿದು ಮಾತನ್ನೇ ಕಳಿಸುತ್ತಾರೆ. ಕನ್ನಡ, ಉರ್ದು, ತೆಲುಗು, ಲಂಬಾಣಿ ಎಲ್ಲವೂ ಒಂದೇ ಗ್ರೂಪಿನಲ್ಲಿ ಮಾತಾಡುತ್ತಿರುತ್ತವೆ. ಹೀಗಾಗಿ ಯಾವುದು ನಿಜ, ಯಾವುದು ಹಳೆಯದು, ಯಾವುದಕ್ಕೆ ಓಡಬೇಕು ಎಂಬ ತೀರ್ಮಾನ ಎಷ್ಟೋ ಮನೆಗಳಲ್ಲಿ ಮಕ್ಕಳ ತಲೆಯ ಮೇಲೆ ಬಿದ್ದಿದೆ. ಹದಿನೆಂಟು ತುಂಬದ ವಿದ್ಯಾರ್ಥಿ ರಕ್ತ ಕೊಡಲಾರ, ನಿಜ. ಆದರೆ ಇನ್ನೊಂದು ಕೆಲಸ ಅವನಿಂದ ಆಗುತ್ತದೆ.

ಸುರಪುರದಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳಿದ್ದಾಳೆ ಎಂದಿಟ್ಟುಕೊಳ್ಳಿ. ಮೇಲೆ ಹೇಳಿದಂಥ ಸಂದೇಶ ಅವಳಿಗೂ ಬರುತ್ತದೆ. ಮುಂದಕ್ಕೆ ಕಳಿಸುವ ಮೊದಲು ಅಪ್ಪನ ಫೋನಿನಿಂದ ಆ ನಂಬರಿಗೆ ಕರೆ ಮಾಡುತ್ತಾಳೆ.

‘ಅಣ್ಣಾ, ರಕ್ತ ಇನ್ನಾ ಬೇಕಾಗ್ಯದೇನ್ರಿ?’

‘ಬ್ಯಾಡವ್ವಾ, ನಿನ್ನೇನೇ ಸಿಕ್ಕದ. ಮುಂಜಾನಿಂದ ನಲವತ್ತು ಮಂದಿ ಫೋನ್ ಮಾಡ್ಯಾರ ನೋಡು.’

ಅವಳು ಗ್ರೂಪಿನಲ್ಲಿ ಒಂದು ಸಾಲು ಬರೆಯುತ್ತಾಳೆ: ‘ಕೇಳಿದೆ. ರಕ್ತ ಸಿಕ್ಕಿದೆ. ಇನ್ನು ಯಾರೂ ಕಳಿಸಬೇಡಿ.’ ಒಂದು ವೇಳೆ ಬೇಕಾಗಿದ್ದರೆ, ಆಸ್ಪತ್ರೆ ಯಾವುದು, ರೋಗಿಯ ಜೊತೆ ಯಾರಿದ್ದಾರೆ, ಎಷ್ಟು ಹೊತ್ತಿನೊಳಗೆ ಬೇಕು ಎಂದು ಕೇಳಿ, ಇಂದಿನ ತಾರೀಖು ಹಾಕಿ ಕಳಿಸುತ್ತಾಳೆ. ಎರಡು ನಿಮಿಷದ ಕೆಲಸ. ಮರುದಿನ ‘ಕೂಸು ಹೆಂಗದರಿ?’ ಎಂದು ಕೇಳಿದಳೆಂದರೆ ಆ ಮನೆಯವರು ಅವಳ ಹೆಸರನ್ನು ಮರೆಯಲಿಕ್ಕಿಲ್ಲ.

ಅಪ್ಪನ ಫೋನಿನಿಂದ ಎಂದು ಹೇಳಿದ್ದಕ್ಕೆ ಕಾರಣವಿದೆ. ಹೆಣ್ಣುಮಕ್ಕಳ ನಂಬರು ಕಂಡಕಂಡ ಗ್ರೂಪಿಗೆ ಹೋದರೆ ಆಗುವ ಕಿರಿಕಿರಿ ಪಾಲಕರಿಗೆ ಗೊತ್ತು. ಆ ಹೆದರಿಕೆಗೆ ಎಷ್ಟೋ ಮನೆಯಲ್ಲಿ ಮಗಳ ಕೈಗೆ ಫೋನೇ ಕೊಡುವುದಿಲ್ಲ. ಅಣ್ಣನ ಗ್ರೂಪಿಗೆ ಬಂದ ಪರೀಕ್ಷೆಯ ಸುದ್ದಿ, ವಿದ್ಯಾರ್ಥಿವೇತನದ ಕಡೆಯ ತಾರೀಖು ತಂಗಿಗೆ ತಿಳಿಯುವಷ್ಟರಲ್ಲಿ ದಿನ ಕಳೆದಿರುತ್ತದೆ. ಫೋನು ಕಸಿದುಕೊಳ್ಳುವುದು ಸುಲಭ. ಮನೆಯವರ ಒಂದು ನಂಬರನ್ನು ಮಗಳಿಗೂ ಸಲ್ಲುವಂತೆ ಬಿಟ್ಟುಕೊಟ್ಟು, ಬಂದದ್ದನ್ನು ಅವಳೊಂದಿಗೆ ಕೂತು ಓದುವುದು ಅದಕ್ಕಿಂತ ಸ್ವಲ್ಪ ಕಷ್ಟ. ಪಾಲಕರು ಆ ಕಷ್ಟವನ್ನೇ ತೆಗೆದುಕೊಳ್ಳುವುದು ಲೇಸು. ಹಣದ ವಿಚಾರ ಬಂದಾಗಲಂತೂ ದೊಡ್ಡವರು ಪಕ್ಕದಲ್ಲಿರಲೇಬೇಕು. ಮಗುವಿನ ಫೋಟೋ ಹಾಕಿ, ಅದರ ಕೆಳಗೆ ಯಾರದೋ ಖಾತೆಯ ಕ್ಯೂಆರ್ ಕೋಡ್ ಅಂಟಿಸುವ ಮೋಸಗಾರರಿದ್ದಾರೆ. ಕೊಡಬೇಕೆನಿಸಿದರೆ ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿಯ ಬಿಲ್ಲಿಗೇ ಕಟ್ಟಬಹುದು.

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ 2003ರಲ್ಲಿ ‘ಫ್ರೀಸೈಕಲ್’ ಎಂಬ ಏರ್ಪಾಡು ಶುರುವಾಯಿತು. ಮನೆಯಲ್ಲಿ ಬೇಡವಾದ ಕುರ್ಚಿ, ತೊಟ್ಟಿಲು, ಪುಸ್ತಕಗಳನ್ನು ಬೇಕಾದವರಿಗೆ ಪುಕ್ಕಟೆ ಕೊಡುವುದು. ದುಡ್ಡಿನ ಮಾತೇ ಎತ್ತುವಂತಿಲ್ಲ. ಇ-ಮೇಲಿನಲ್ಲಿ ಹುಟ್ಟಿದ ಈ ರೂಢಿ ಹತ್ತಾರು ದೇಶಗಳಿಗೆ ಹಬ್ಬಿತು. ಅದರ ಒಂದು ಪದ್ಧತಿ ಬಹಳ ಸಣ್ಣದು. ಕೊಡುವವರು ‘ಕೊಡುವುದಿದೆ’ ಎಂದು ಬರೆದರೆ ಸಾಲದು; ವಸ್ತು ಕೈ ದಾಟಿದ ಮೇಲೆ ‘ಒಯ್ದರು’ ಎಂದೂ ಬರೆಯಬೇಕು. ಕೇಳಿದವರೂ ಹಾಗೆಯೇ ‘ಬೇಕಾಗಿದೆ’ ಎಂದ ಮೇಲೆ ‘ಬಂದು ಮುಟ್ಟಿತು’ ಎಂದು ಹೇಳಬೇಕು. ಟೂಸಾನಿನವರಿಗೆ ಮುಯ್ಯಿಯ ಪುಸ್ತಕದ ವಿಷಯ ಯಾರು ಹೇಳಿದರೋ!

ಜೂನ್ ತಿಂಗಳು ಬಂತೆಂದರೆ ಶಹಾಪುರ, ಸುರಪುರದ ಪಿಯುಸಿ ಹುಡುಗರ ಗ್ರೂಪುಗಳಲ್ಲಿ ಇದನ್ನು ಮಾಡಿ ನೋಡಬಹುದು. ಪ್ರಥಮ ಪಿಯುಸಿ ಮುಗಿಸಿದವರ ಪುಸ್ತಕಗಳು ಆ ವರ್ಷ ಸೇರುವವರಿಗೆ ಬೇಕು. ನೀಟ್, ಸಿಇಟಿಯ ದಪ್ಪ ಪುಸ್ತಕಗಳ ಬೆಲೆಯಂತೂ ಕೇಳುವುದೇ ಬೇಡ. ಪರೀಕ್ಷೆ ಮುಗಿದ ಮೇಲೆ ಅವು ಅಟ್ಟದಲ್ಲಿ ಧೂಳು ತಿನ್ನುತ್ತವೆ. ಯಾರ ಹತ್ತಿರ ಯಾವುದಿದೆ ಎಂಬುದನ್ನು ಫೋನು ಹೇಳುತ್ತದೆ. ಊರಿಂದೂರಿಗೆ ಒಯ್ಯುವುದಕ್ಕೆ ಹಳೆಯ ದಾರಿಯೊಂದು ಇದ್ದೇ ಇದೆ.

ಉತ್ತರ ಕರ್ನಾಟಕದಲ್ಲಿ ಪರ ಊರಲ್ಲಿ ಓದಿದವರಿಗೆ ಬುತ್ತಿಯ ಡಬ್ಬಿ ಗೊತ್ತು. ಬೆಳಗಿನ ಬಸ್ಸಿಗೆ ಅವ್ವ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಕಟ್ಟಿ, ಡಬ್ಬಿಯ ಮೇಲೆ ಮಗನ ಹೆಸರು ಬರೆಸಿ ಕಂಡಕ್ಟರನ ಕೈಗೋ ಗುರುತಿನವರ ಕೈಗೋ ಕೊಡುತ್ತಾಳೆ. ಬಸ್ಸು ಯಾವಾಗ ಬಂದೀತೆಂದು ಹುಡುಗ ನಿಲ್ದಾಣದಲ್ಲಿ ಕಾಯುತ್ತಿದ್ದ. ಕಾದೂ ಕಾದೂ ಬೇರೆಯವನ ಡಬ್ಬಿ ಎತ್ತಿಕೊಂಡು ಹೋದದ್ದೂ ಉಂಟು. ಈಗ ಅವ್ವ ಬಸ್ಸಿನ ನಂಬರಿನ ಫೋಟೋ ಕಳಿಸುತ್ತಾಳೆ. ‘ಡಬ್ಬಿ ಹಾಕೀನಪ್ಪಾ, ಡ್ರೈವರಣ್ಣನ ಸೀಟಿನ ಹಿಂದ ಅದ’ ಎಂಬ ಅವಳ ದನಿಯೂ ಜೊತೆಗೆ ಬರುತ್ತದೆ. ಅದೇ ಸೀಟಿನ ಹಿಂದೆ, ಗೋಣಿದಾರ ಕಟ್ಟಿದ ನಾಲ್ಕು ಪುಸ್ತಕಗಳಿಗೂ ಜಾಗವಿರುತ್ತದೆ.

ಯಾದಗಿರಿಯಿಂದ ಹೊರಟ ಕಟ್ಟು ಶಹಾಪುರ ದಾಟಿ ಸುರಪುರದ ನಿಲ್ದಾಣದಲ್ಲಿ ಇಳಿಯುತ್ತದೆ. ಇಳಿಸಿಕೊಂಡವನು ದಾರ ಬಿಚ್ಚಿ, ಒಂದೊಂದನ್ನೇ ತಿರುವಿ ನೋಡಿ, ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಗ್ರೂಪಿಗೆ ಬರೆಯುತ್ತಾನೆ: ‘ಪುಸ್ತಕ ಮುಟ್ಯಾವ. ಗಣಿತದ್ದು ನನ್ನ ಹತ್ರ ಮೊದ್ಲೇ ಒಂದದ, ಎರಡಾದ್ವು. ಯಾರಿಗರ ಬೇಕೇನು?’